ಗವಿಯ ಬಾಯಲ್ಲಿ ನಾನು ಕರೆಯದ ಹೆಸರು

ಚಿ. ಸೌ. ಸವಿತಾಳಿಗೆ,

ನಿನ್ನ ಕಾಕಾ ಆದ ನಾನು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ — ನಿನ್ನ ತಮ್ಮ ಮುತ್ತುವನ್ನು ಗವಿಯ ಕತ್ತಲಲ್ಲಿ ಬಿಟ್ಟು ಬಂದವನು ನಾನು. ನೀನಲ್ಲ. ಅಂದು ನಾನು ಅವನ ಹೆಸರು ಕರೆಯಲೇ ಇಲ್ಲ. ನೀನು ‘ಹೂಂ’ ಅನ್ನಲೂ ಇಲ್ಲ. ಇಷ್ಟನ್ನು ತಿಳಿಸುವುದಕ್ಕೆ ಇಪ್ಪತ್ತು ವರ್ಷಗಳಿಗೂ ಮೀರಿ ವಿಳಂಬವಾಗಿದೆ. ಅಮರಗೋಳದ ದಲಾಲಿ ಅಂಗಡಿಯ ಪತ್ರವ್ಯವಹಾರ ಬಿಟ್ಟರೆ ನಾನು ಬೇರೇನನ್ನೂ ಬರೆದವನಲ್ಲ. ಭಾಷೆ ಬಿಗಿಯಾಗಿ ತೋರಿದರೆ — ಬೇರೆ ರೀತಿ ನನಗೆ ಬರುವುದಿಲ್ಲ.

ಮಕ್ಕಳ ತಲೆ ಎಣಿಸಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಎಣಿಸಿದರೆ ದೃಷ್ಟಿ ತಗಲುತ್ತದೆಂದು ನಿನ್ನ ಅಜ್ಜಿಯ ನಂಬಿಕೆ. ಹೆಬ್ಬಳ್ಳಿಯಿಂದ ಟೆಂಪೋ ಮಾಡಿಕೊಂಡು ಮನೆಮಂದಿಯೆಲ್ಲ ಆ ಗುಡ್ಡಕ್ಕೆ ಹೋದ ದಿನವೂ ಅವಳು ನನಗೆ ಹೇಳಿ ಕಳಿಸಿದ್ದು ಅದನ್ನೇ: “ಎಣಸಬ್ಯಾಡಪಾ. ಒಬ್ಬೊಬ್ಬರ ಹೆಸರು ಹಿಡದು ಕರಿ. ‘ಹೂಂ’ ಅಂದ ಮ್ಯಾಲ ಮುಂದ ಕಾಲಿಡು.” ಹಿರಿಯರೆಲ್ಲ ಕೆಳಗೆ ಮರದ ನೆರಳಿನಲ್ಲಿ ಉಳಿದರು. ಮಕ್ಕಳನ್ನು ಗವಿ ತೋರಿಸಿ, ಎಲ್ಲರಿಗಿಂತ ಹಿಂದೆ ನಿಂತು ಹೊರಗೆ ಕರೆತರುವ ಹೊಣೆ ನನ್ನದಾಗಿತ್ತು. “ನಿಮ್ಮ ಕಾಕಾ ಅದಾನ, ಹುಲಿ ಬಂದ್ರೂ ಅಂಜಂಗಿಲ್ಲ” ಎಂದು ನಿನ್ನ ಅಪ್ಪ ನಿಮ್ಮೆಲ್ಲರ ಮುಂದೆ ನನ್ನನ್ನು ಹೊಗಳಿ ಏರಿಸಿದ್ದ.

ನಾನು ಅಂಜಿದೆ. ಗವಿಯ ಒಳಭಾಗದಲ್ಲಿ ಬ್ಯಾಟರಿಯ ಬೆಳಕನ್ನು ಮೇಲೆ ಬಿಟ್ಟದ್ದೇ ತಡ, ಬಾವಲಿಗಳು ಮುಖದ ಮೇಲೆ — ಅದೇನು ಸದ್ದು, ಅದೇನು ನಾತ — ನೀವು ಚೀರುತ್ತ ಗವಿಯ ಬಾಯಿಯ ಕಡೆ ಓಡಿದಿರಿ. ನಾನು ನಿಮ್ಮ ಹಿಂದೆ ಓಡಲಿಲ್ಲ. ನಿಮ್ಮನ್ನು ದಾಟಿ ಓಡಿದೆ. ಸಣ್ಣದೊಂದು ಭುಜ ನನ್ನ ಮೊಣಕಾಲಿಗೆ ತಾಗಿ ಪಕ್ಕಕ್ಕೆ ಬಿದ್ದದ್ದು — ಅದು ಯಾರದೆಂದು ಆಗ ನೋಡಲಿಲ್ಲ. ಈಗ ನೋಡುತ್ತೇನೆ, ಕಣ್ಣು ಮುಚ್ಚಿದಾಗಲೆಲ್ಲ.

ಹೊರಗೆ ಬಂದೆ. ಅಂಜಿದ್ದು ಯಾರಿಗೂ ಕಾಣಬಾರದೆಂದು ನಗುತ್ತ, ನಿಮ್ಮೊಂದಿಗೆ ಕೆಳಗಿಳಿದೆ. ಹೆಸರು ಕರೆದೆಯಾ ಎಂದು ಅಜ್ಜಿ ಕೇಳಿದಳು. ಕರೆದೆ ಎಂದೆ. ಬುತ್ತಿ ಬಿಚ್ಚಿದರು. ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕುತ್ತ ಬಂದ ನಿನ್ನ ಅವ್ವನ ಕೈ ಒಂದು ಕಡೆ ನಿಂತಿತು.

“ಮುತ್ತು ಎಲ್ಲಿ?”

ನಿನ್ನ ಅಪ್ಪ ನನ್ನ ಕಡೆ ತಿರುಗಿದ. ಆಗ ನನ್ನ ಬಾಯಿಂದ ಬಂದ ಮಾತನ್ನು ಯಥಾವತ್ತಾಗಿ ಇಲ್ಲಿ ನಮೂದಿಸುತ್ತಿದ್ದೇನೆ: “ನಾ ಕರದೆ. ಸವಿತಾನಽ ‘ಹೂಂ, ಅದಾನ್ರಿ ಕಾಕಾ’ ಅಂದ್ಳು.”

ಹುಡುಕಿದಾಗ ಮುತ್ತು ಗವಿಯೊಳಗೇ ಸಿಕ್ಕ. ಗೋಡೆಗೆ ಮುಖ ಮಾಡಿ ಕುಳಿತಿದ್ದ — ಅಳುತ್ತಿರಲಿಲ್ಲ, ಅಳು ಮುಗಿದುಹೋಗಿತ್ತು. ಅವನನ್ನು ಹೊತ್ತು ತಂದಾಗ ನಿನ್ನ ಅವ್ವ ನಿನ್ನ ಕೆನ್ನೆಗೆ ಹೊಡೆದರು. “ತಮ್ಮನ್ನ ಕತ್ತಲ್ಯಾಗ ಬಿಟ್ಟು ಬಂದು ರೊಟ್ಟಿ ತಿನ್ನಾಕತ್ತೀಯೇನ?” ನೀನಾಗ ಶಾಲೆಯಲ್ಲಿ ಮೂರನೇ ಇಯತ್ತೆ. ಆ ಗದ್ದಲದಲ್ಲಿ ಯಾರು ಏನು ಅಂದರೆಂಬುದು ಯಾವ ಮಗುವಿಗೂ ನೆನಪಿರಲಿಲ್ಲ, ನಿನಗೂ ಇರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದೆ: “ಕಾಕಾ, ನಾ ಹಂಗಂದ್ನೇನ್ರಿ?”

ಒಂದು ಮಾತು ಸಾಕಿತ್ತು. ನಾನು ನಿನ್ನ ತಲೆ ಸವರಿದೆ. “ಅಂದಿದ್ದಿ ಬಿಡವಾ. ಹೋಗ್ಲಿ, ಸಣ್ಣಾಕಿ ನೀ.”

ಮೊದಲನೆಯ ಸುಳ್ಳು ಅಂಜಿಕೆಯಿಂದ ಬಂತು. ಎರಡನೆಯದಕ್ಕೆ — ಕಾರಣ ಬರೆಯಲು ಕುಳಿತು ಹಲವು ಹಾಳೆ ಹರಿದಿದ್ದೇನೆ. ಕಾರಣ ಸಿಗಲಿಲ್ಲ.

ಮುತ್ತು ಬಹಳ ದಿನ ಮಾತಾಡಲಿಲ್ಲ. ಈಗಲೂ ದೀಪ ಆರಿಸಿ ಮಲಗುವುದಿಲ್ಲ. ಆದರೂ ಬೆಳೆದ, ಕಮರಿಪೇಟೆಯಲ್ಲಿ ಗ್ಯಾರೇಜ್ ಇಟ್ಟ, ಮಗಳ ತಂದೆಯಾದ. ಹೋದ ತಿಂಗಳು ಆ ಕೂಸಿನ ತೊಟ್ಟಿಲ ಕಾರ್ಯದಲ್ಲಿ, ಸೋದರತ್ತೆಯೇ ಹೆಸರಿಡಬೇಕೆಂದು ಎಲ್ಲರೂ ನಿನ್ನ ಮಡಿಲಿಗೆ ಕೂಸನ್ನು ಕೊಡಲು ಬಂದರು. ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. “ನನ್ನ ಕೈಯಾಗ ಬ್ಯಾಡ್ರಿ. ಬ್ಯಾರೇದವ್ರು ಇಡ್ಲಿ.” ಯಾರೋ “ಸೋದರತ್ತಿಗಿ ಇಳಕಲ್ಲ ಸೀರಿನಽ ಬೇಕಂತ, ಅದಕ್ಕ ಹಟ ಹಿಡದಾಳ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅಡಿಗೆಮನೆಯಲ್ಲಿ ನೀನು ಮುತ್ತುವಿನ ಹೆಂಡತಿಗೆ ಹೇಳುತ್ತಿದ್ದುದನ್ನು ಬಾಗಿಲ ಹೊರಗೆ ನಿಂತು ಕೇಳಿದೆ: “ಇವತ್ತಿಗೂ ನನ್ನ ದನಿ ನನಗ ಕೇಳಸ್ತದವಾ. ಹೂಂ, ಅದಾನ್ರಿ ಕಾಕಾ ಅಂದದ್ದು.”

ಸವಿತಾ, ಆ ದನಿ ನಿನ್ನದಲ್ಲ. ನಡೆಯದೇ ಇದ್ದದ್ದನ್ನು ನಿನಗೆ ನೆನಪಾಗಿ ಕೊಟ್ಟವನು ನಾನು. ಅಂದಿನಿಂದ ನೀನು ಅದನ್ನು ಕೇಳುತ್ತಲೇ — ಮತ್ತು ನಾನು, ನೀನು ಕೇಳುತ್ತಿರುವೆಯೆಂದು ತಿಳಿದೂ, ಆ ಅಡಿಗೆಮನೆಯ ಬಾಗಿಲಿಂದ ಹಾಗೆಯೇ ಹೊರಟುಬಂದೆ.

ನಿನ್ನೆ ಗ್ಯಾರೇಜಿಗೆ ಹೋಗಿ ಮುತ್ತುವಿಗೆ ಎಲ್ಲವನ್ನೂ ಹೇಳಿದೆ. ಅವನು ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ — ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದ. ಕೊನೆಗೆ ನನ್ನ ಮುಖ ನೋಡದೆ, “ನನಗ್ಯಾಕ ಹೇಳ್ತೀರಿ? ಅಕ್ಕಗ ಹೇಳ್ರಿ” ಎಂದು ಗಾಡಿಯ ಕೆಳಗೆ ಸರಿದ.

ಅಜ್ಜಿ ಈಗಿಲ್ಲ. ನಿನ್ನ ಅಪ್ಪ, ಅವ್ವ ಇದ್ದಾರೆ. ಇಂದು ಸಂಜೆ ಅವರೆದುರು ಇದನ್ನೇ ಬಾಯಿಂದ ಹೇಳುತ್ತೇನೆ. ಹೇಳಿದ ಮೇಲೆ ಅವರು ಧಾರವಾಡದ ನಿನ್ನ ಮನೆಗೆ ಬಂದೇ ಬರುತ್ತಾರೆ. ನಾನು ಜೊತೆಗೆ ಬರುವುದಿಲ್ಲ. ಎದುರಿಗಿದ್ದರೆ ನೀನು, ನಿನ್ನ ಸ್ವಭಾವದಂತೆ, ಇರಲಿ ಬಿಡ್ರಿ ಕಾಕಾ ಎಂದುಬಿಡುತ್ತೀ. ಆ ಮಾತು ನನಗೆ ಸಲ್ಲತಕ್ಕದ್ದಲ್ಲ.