ಗಾಜಿನ ಆಚೆ ನಡೆದ ವಿಚಾರಣೆ

ಹಂದಿಜ್ವರದ ಭಯ ಇನ್ನೂ ಇಳಿಯದಿದ್ದ 2010ರ ಆರಂಭದಲ್ಲಿ ನಾನು ಗಲ್ಫಿನಲ್ಲಿ, ಕರಾಮ ಬಡಾವಣೆಯ ಒಂದು ಭಾಷಾಂತರ ಕಚೇರಿಯಲ್ಲಿದ್ದೆ. ಅಬುಧಾಬಿಯಲ್ಲಿ ಬೆಳೆದವಳಾದ್ದರಿಂದ ಅರಬ್ಬಿ ಚೆನ್ನಾಗಿ ಬರುತ್ತಿತ್ತು. ವೀಸಾ ಮುಗಿದು ಸಿಕ್ಕಿಬಿದ್ದ ನಮ್ಮ ಕಡೆಯವರ ವಿಚಾರಣೆಗೆ ದುಭಾಷಿಯಾಗಿ ನನ್ನನ್ನು ಕರೆಯುತ್ತಿದ್ದರು.

ಮೊದಲೆಲ್ಲ ಆರೋಪಿಯ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಬಂಧನ ಕೇಂದ್ರದಲ್ಲಿ ಕೆಲವರಿಗೆ ಜ್ವರ ಬಂದ ಮೇಲೆ ಅವರನ್ನು ಕೋರ್ಟಿಗೆ ತರುವುದೇ ನಿಂತಿತು. ನ್ಯಾಯಾಧೀಶರೇ ಅಲ್ಲಿಗೆ ಬರತೊಡಗಿದರು. ಕೋಣೆಯ ನಡುವೆ ಗಾಜು. ಆಚೆ ಆರೋಪಿ, ಈಚೆ ನಾವು. ಮಾತು ಮೈಕಿನಲ್ಲಿ. ಎಲ್ಲರಿಗೂ ಮಾಸ್ಕ್. ಮನೆಯವರಿಗೆ ಪ್ರವೇಶವಿಲ್ಲ.

ಒಂದು ಬೆಳಿಗ್ಗೆ ಗೇಟಿನ ಹೊರಗೆ ಮಂಗಳೂರು ಕಡೆಯ ಬ್ಯಾರಿ ಯುವಕನೊಬ್ಬ ನನ್ನನ್ನು ತಡೆದ. ಅಲ್ ಕುಸೈಸಿನ ಗೋದಾಮಿನಲ್ಲಿ ಅವನಿಗೆ ಕೆಲಸ. ತಂಗಿ ಸತ್ವಾದ ದರ್ಜಿ ಅಂಗಡಿಯಲ್ಲಿ ಹೆಂಗಸರ ಅಬಾಯಾ ನಿಲುವಂಗಿ ಹೊಲಿಯುತ್ತಿದ್ದಳು. ಮಾಲೀಕ ಅಂಗಡಿ ಮುಚ್ಚಿ ಹೋಗಿ, ಅವಳ ವೀಸಾ ಮುಗಿದು, ತಪಾಸಣೆಯಲ್ಲಿ ಸಿಕ್ಕಿಬಿದ್ದಿದ್ದಳು.

"ಅಕ್ಕಾ, ಅವಳಿಗೆ ಹೊಸ ಕೆಲಸ ಕೊಡುವವರು ಸಿಕ್ಕಿದ್ದಾರೆ. ಊರಿಗೆ ಹೋಗ್ತೇನೆ ಅಂತ ಒಪ್ಪುದು ಬೇಡ ಅಂತ ಅವಳಿಗೆ ಹೇಳಿ."

"ಅವಳು ಹೇಳಿದ್ದು ಮಾತ್ರ ನಾನು ಹೇಳ್ಬಹುದು. ನೀವು ಹೊರಗೆ ಇದ್ದೀರಿ ಅಂತ ನ್ಯಾಯಾಧೀಶರಿಗೆ ತಿಳಿಸ್ತೇನೆ."

ತಿಳಿಸಿದೆ. ಕಾಯಿಲೆ ತಗ್ಗಲಿ, ಆಮೇಲೆ ಬರಲಿ ಎಂದರು. ನಂತರ ನನ್ನ ಮೂಲಕ ಅವಳನ್ನು ಕೇಳಿದರು: ಊರಿಗೆ ಹೋಗಲು ಒಪ್ಪಿಗೆಯೇ?

ಮೈಕಿನಲ್ಲಿ "ಹೋಗ್" ಅಂದಷ್ಟೇ ಕೇಳಿತು. ಹೋಗ್ತೇನೆ ಅಂದಳೋ, ಹೋಗುದಿಲ್ಲ ಅಂದಳೋ? ಬಾಯಿ ಕಾಣುತ್ತಿರಲಿಲ್ಲ. ಮತ್ತೊಮ್ಮೆ ಕೇಳಿದೆ. ಸ್ಪಷ್ಟವಾಗಲೆಂದು ಅವಳು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡಳು. ಬಾಯಿ ತೆರೆದವಳಿಗೆ ಕೆಮ್ಮು ಬಂತು.

ಪಕ್ಕದಲ್ಲಿದ್ದ ಮಹಿಳಾ ಪೊಲೀಸರು ಥಟ್ಟನೆ ಹಿಂದೆ ಸರಿದರು. ಒಬ್ಬಳು ಗ್ಲೌಸ್ ಹಾಕಿಕೊಂಡಳು. ಯಾರೋ ಮೈಕ್ ಆರಿಸಿದರು. ಗಾಜಿನಾಚೆ ಅವಳು ನನ್ನನ್ನೇ ನೋಡಿ ಏನೋ ಹೇಳುತ್ತಿದ್ದಳು. ನನಗೆ ಒಂದಕ್ಷರವೂ ಕೇಳಲಿಲ್ಲ. ವಿಚಾರಣೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿದರು.

ಮುಂದಿನ ಸಲ ಕುರ್ಚಿ ಖಾಲಿ. ಕೆಲಸದವನೊಬ್ಬ ಗಾಜಿಗೆ ಔಷಧಿ ಹೊಡೆದು ಒರೆಸುತ್ತಿದ್ದ. "ಎಲ್ಲಿ ಅವಳು?" ಎಂದು ಗುಮಾಸ್ತನನ್ನು ಕೇಳಿದೆ. "ಮಾಫಿ," ಅಂದ, ಅರಬ್ಬಿಯಲ್ಲಿ ಇಲ್ಲ ಎಂದಷ್ಟೇ. ಅವಳ ಕೋಣೆಯ ಇತರ ಹೆಂಗಸರನ್ನೂ ಎಲ್ಲಿಗೋ ಸಾಗಿಸಿದ್ದರು. ಅವಳ ಅಣ್ಣ ಸಂಜೆ ಸಂಜೆ ಫೋನ್ ಮಾಡುತ್ತಿದ್ದ. ಕಚೇರಿಯಲ್ಲಿ ನನ್ನ ಪಕ್ಕದವಳು ಸದ್ದಿಲ್ಲದೆ ಬೇರೆ ಮೇಜಿಗೆ ಹೋದಳು. ನಾನೂ ಆಗಾಗ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕೊನೆಗೊಂದು ದಿನ ಅವಳನ್ನು ಕರೆತಂದರು. ಜ್ವರವಲ್ಲ, ಬರಿಯ ಶೀತ. ಅಷ್ಟು ದಿನವೂ ಒಬ್ಬಳನ್ನೇ ಬೇರೆ ಇಟ್ಟಿದ್ದರು. ಅಷ್ಟರಲ್ಲಿ ಆ ಹೊಸ ಕೆಲಸವೂ ಬೇರೆಯವರ ಪಾಲಾಗಿತ್ತು. ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು.

"ಊರಿಗೆ ಕಳಿಸ್ಲಿಕ್ಕೆ ಹೇಳಿ ಅಕ್ಕಾ. ಈ ಒಂಟಿ ರೂಮಲ್ಲಿ ನನ್ನ ಹತ್ರ ಯಾರೂ ಮಾತಾಡುದಿಲ್ಲ. ಊಟ ಬಾಗಿಲ ಹತ್ರ ಇಟ್ಟು ಓಡ್ತಾರೆ. ನಾನು ಸತ್ರೂ ಅಣ್ಣನಿಗೆ ಗೊತ್ತಾಗ್ಲಿಕ್ಕಿಲ್ಲ."

ಅಷ್ಟನ್ನೂ ಅರಬ್ಬಿಯಲ್ಲಿ ಹೇಳಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ಗಾಜಿನತ್ತ ನೋಡಿದರು. ಆಮೇಲೆ ಊರಿಗೆ ಕಳಿಸುವ ಆದೇಶಕ್ಕೆ ಸಹಿ ಹಾಕಿದರು.

ಗೇಟಿನ ಹತ್ತಿರ ಅಣ್ಣ ಅವಳ ಬಟ್ಟೆಯ ಬ್ಯಾಗ್ ತಂದಿದ್ದ. ಕಾವಲಿನವನು ಅದನ್ನು ಗ್ಲೌಸ್ ಹಾಕಿದ ಕೈಯಲ್ಲಿ ತೆಗೆದುಕೊಂಡು ಗೇಟು ಮುಚ್ಚಿದ.

"ಒಮ್ಮೆ ನೋಡ್ಲಿಕ್ಕೆ ಆಗ್ತದಾ ಅಕ್ಕಾ?"

ಕೇಳಿ ನೋಡಿದೆ. ಆಗಲಿಲ್ಲ.

ಕೆಲವು ದಿನಗಳ ಮೇಲೆ ಅವನೇ ಫೋನ್ ಮಾಡಿ, ತಂಗಿ ಮಂಗಳೂರು ಮುಟ್ಟಿದಳು ಎಂದ.

"ಜ್ವರ ಇಲ್ವಲ್ಲ?" ನನ್ನ ಬಾಯಿಂದ ಮೊದಲು ಬಂದದ್ದು ಅದೇ.

"ಅಲ್ಲಿ ಏರ್‌ಪೋರ್ಟಿನಲ್ಲಿ ಸಹ ಅದನ್ನೇ ಕೇಳಿ ಬದಿಗೆ ನಿಲ್ಲಿಸಿದ್ರಂತೆ," ಅಂದ.