ಒಗ್ಗರಣೆ ಕೇಳುತ್ತಿದ್ದ ನರ್ಸಮ್ಮ

ಕಳೆದ ವಾರ ನಮ್ಮ ಶಾಲೆಯ ಐದನೇ ತರಗತಿ ಮಕ್ಕಳಿಗೆ ಚುಚ್ಚುಮದ್ದು ಹಾಕುವುದಿತ್ತು. ಹೊಸದಾಗಿ ಬಂದಿರುವ ನರ್ಸ್ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊದಲನೇ ಹುಡುಗನ ತೋಳಿಗೆ ಒರೆಸಿದಳು. ಮೂಗಿನೊಳಗೆ ಚುರುಕ್ಕೆನ್ನುವ ಆ ವಾಸನೆ ಜಗಲಿಯಿಂದ ನನ್ನ ಮೇಜಿನ ತನಕ ಬಂತು. ಮಕ್ಕಳ ಹೆಸರಿಗೆ ಗುರುತು ಹಾಕುತ್ತಿದ್ದ ನನ್ನ ಪೆನ್ನು ನಿಂತಿತು. ಹನ್ನೊಂದು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಇದೇ ವಾಸನೆ ಹೊತ್ತುಕೊಂಡು ಓಡಾಡುತ್ತಿದ್ದ ಇನ್ನೊಬ್ಬರು ನೆನಪಾದರು. ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚೂ ನೆನಪಾಯಿತು... ಅದು ಆರಿದೆ ಅಂದುಕೊಂಡಿದ್ದೆ.

ಹಳೇಬೀಡಿನಿಂದ ಹಗರೆ ಕಡೆಯ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಒಂದು ಮೈಲಿ ಒಳಗೆ ನಡೆದರೆ ನಮ್ಮ ಶಾಲೆ. ಆಗ ನಾನು ಐದನೇ ತರಗತಿಯ ಟೀಚರು. ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಅವರು ವರ್ಗವಾಗಿ ಬಂದರು. ನಾನು ಎದುರಿಗೆ ಸಿಸ್ಟರ್ ಅನ್ನುತ್ತಿದ್ದೆ, ಮಕ್ಕಳಿಗೆ ಅವರು ನರ್ಸಮ್ಮ. ನನ್ನ ವಯಸ್ಸಿನವರೇ. ನೋಡಲು ನನಗಿಂತ ಚೆನ್ನಾಗೇನೂ ಇರಲಿಲ್ಲ. ಈ ಮಾತನ್ನು ನಾನು ಆಗಲೇ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೆ ಅಂದಮೇಲೆ ನನ್ನ ಸ್ಥಿತಿ ಹೇಗಿತ್ತೆಂದು ನೀವೇ ಊಹಿಸಿ.

ಪ್ರತಿ ಮಂಗಳವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರ ಸ್ಕೂಟರ್ ಗೇಟಿನ ಹತ್ತಿರ ಕಾಣುತ್ತಿತ್ತು. ಸಾಲು ತಪ್ಪಿಸಬೇಡಿ ಅಂತ ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ ಮಕ್ಕಳು ಆಗಲೇ ಅವರ ಸುತ್ತ. ಉಗುರು ನೋಡುವರು, ತಲೆಗೂದಲು ಬಿಡಿಸಿ ಹೇನು ನೋಡುವರು, ಅಂಗಿ ಎತ್ತಿ ಬೆನ್ನು ನೋಡುವರು. ನಾನು ನೋಡಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ ಮಕ್ಕಳು ಅವರಿಗೆ ಹತ್ತೂ ಬೆರಳು ಚಾಚಿ ನಿಲ್ಲುತ್ತಿದ್ದವು. ಸೂಜಿ ಚುಚ್ಚುವವರನ್ನು ಕಂಡರೆ ಮಕ್ಕಳು ಓಡಬೇಕು ತಾನೇ? ಸೂಜಿ ಹಾಕಿಸುವ ದಿನ ನಾನು "ಇರುವೆ ಕಚ್ಚಿದ ಹಾಗೆ ಅಷ್ಟೇ" ಅಂತ ಸಮಾಧಾನ ಹೇಳುತ್ತಿದ್ದೆ. ಅವರು ಮಾತ್ರ, "ನೋವಾಗುತ್ತೆ ಕಣೋ, ಸುಳ್ಳು ಹೇಳಲ್ಲ. ಹತ್ತು ಎಣಿಸು, ಅಷ್ಟರಲ್ಲಿ ಕಮ್ಮಿ ಆಗುತ್ತೆ" ಅನ್ನುತ್ತಿದ್ದರು. ಮಕ್ಕಳು ಎಣಿಸುತ್ತಿದ್ದವು. ನನ್ನ ಕ್ಲಾಸಿನಲ್ಲಿ ಮಗ್ಗಿ ಹೇಳು ಅಂದರೆ ಬಾಯಿ ಬಿಡದವನೂ ಎಣಿಸುತ್ತಿದ್ದ.

ಒಮ್ಮೆ 'ದೊಡ್ಡವರಾದ ಮೇಲೆ ಏನಾಗುತ್ತೀರಿ' ಅಂತ ಬರೆಯಲು ಕೊಟ್ಟೆ. ಹುಡುಗಿಯರೆಲ್ಲಾ ನರ್ಸಮ್ಮ ಆಗುತ್ತೇನೆ ಅಂತ ಬರೆದಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗನೂ ನರ್ಸಮ್ಮ ಆಗುತ್ತೇನೆ ಅಂತಲೇ ಬರೆದಿದ್ದ. ಟೀಚರ್ ಆಗುತ್ತೇನೆ ಅಂತ ಒಂದು ನರಪಿಳ್ಳೆಯೂ ಬರೆದಿರಲಿಲ್ಲ. ಆ ದಿನ ಕಾಗುಣಿತದ ತಪ್ಪಿಗೆ ನಾನು ಯಾವತ್ತಿಗಿಂತ ಹೆಚ್ಚು ಕೆಂಪು ಶಾಯಿ ಖರ್ಚು ಮಾಡಿದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ದಿನಾ ಬೆಳಿಗ್ಗೆ ಮನೆ ಹಿತ್ತಲಿನ ಕನಕಾಂಬರ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟು, ಏನೂ ಹೇಳದೆ ಹೋಗಿ ಕೂರುವವಳು. ನಾಲ್ಕನೇ ತರಗತಿಯಲ್ಲೂ ನಾನೇ ಅವಳ ಟೀಚರಾಗಿದ್ದೆ, ಎರಡು ವರ್ಷ ಆ ಹೂವು ತಪ್ಪಿರಲಿಲ್ಲ. ಒಂದು ಮಂಗಳವಾರ ಮೇಜು ಖಾಲಿ ಇತ್ತು. ಆಚೆ ಬಂದು ನೋಡಿದರೆ ಆ ಮಾಲೆ ನರ್ಸಮ್ಮನ ತಲೆಯಲ್ಲಿತ್ತು. ಆಮೇಲೆ ಮಂಗಳವಾರದ ಹೂವು ಯಾವಾಗಲೂ ಅವರಿಗೇ. ವಾರದಲ್ಲಿ ಒಂದೇ ದಿನ, ಉಳಿದ ಐದು ದಿನ ನನ್ನದೇ ತಾನೇ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆಗಲಿಲ್ಲ.

ಬೆನ್ನು, ಉಗುರು ನೋಡಿಯಾದ ಮೇಲೆ ಅವರು ಪ್ರತಿ ಮಗುವಿಗೂ ಒಂದು ಮಾತು ಕೇಳುತ್ತಿದ್ದರು. "ಇವತ್ತು ನಿಮ್ಮನೆ ಸಾರಿಗೆ ಏನ್ ಒಗ್ಗರಣೆ?" ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಅಂತ ಮಕ್ಕಳು ಖುಷಿಯಾಗಿ ವರದಿ ಒಪ್ಪಿಸುವವು. ಸರ್ಕಾರದ ಸಂಬಳ ತೆಗೆದುಕೊಂಡು ಹರಟೆ ಹೊಡೆಯುವುದು ನೋಡು ಅಂತ ನನಗೆ ಉರಿ. ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

"ಏನ್ರೀ ಸಿಸ್ಟರ್, ಅವರ ಮನೆ ಒಗ್ಗರಣೆ ತಗೊಂಡು ನೀವೇನ್ ಮಾಡ್ತೀರಿ?"

ಅವರು ನಕ್ಕರು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು. ಈ ಕಡೆ ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ಅದನ್ನು ಕಾಯಿಲೆ ಅನ್ನುವುದಿಲ್ಲ, ಅಮ್ಮ ಆಗಿದೆ ಅನ್ನುತ್ತಾರೆ. ತಾಯಿ ಮನೆಗೆ ಬಂದಿದ್ದಾಳೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಈಚೆಗೆ ಅದನ್ನೂ ಒಳಬಾಗಿಲಿಗೇ ಸಿಕ್ಕಿಸುತ್ತಾರೆ. ಆಸ್ಪತ್ರೆಯವರಿಗೆ ಹೇಳುವುದಿಲ್ಲ, ಶಾಲೆಗೆ ನೆಗಡಿ ಜ್ವರ ಅಂತ ಚೀಟಿ ಕಳಿಸುತ್ತಾರೆ. ಆದರೆ ತಾಯಿ ಇರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಚಟಪಟ ಸದ್ದು, ಘಾಟು ಆಗಬಾರದು.

"ಒಗ್ಗರಣೆ ಇಲ್ಲ ಅಂತ ಮಗು ಅಂದ್ರೆ ನಾನು ಸಾಯಂಕಾಲ ಆ ಮನೆಗೆ ಹೋಗ್ತೀನಿ ಮಿಸ್. ಚಪ್ಪಲಿ ಆಚೆ ಬಿಟ್ಟು, ತಾಯಿನ ನೋಡ್ಕೊಂಡು ಹೋಗಕ್ಕೆ ಬಂದೆ ಅಂತೀನಿ. ಕೂರಿಸ್ತಾರೆ. ಗುಳ್ಳೆ ಒಣಗಿ ಚಕ್ಕೆ ಕಟ್ಟೋ ತನಕ ಮಗು ಆಚೆ ಬರೋದು ಬೇಡ ಅಂತ ಮೆತ್ತಗೆ ಹೇಳ್ತೀನಿ. ಬಸುರಿ ಹೆಂಗಸರಿದ್ರೆ ದೂರ ಇರ್ಸಿ ಅಂತೀನಿ. ಅವರ ಅಣ್ಣ ತಂಗೀರ ಬೆನ್ನು ಇಲ್ಲಿ ವಾರಾ ವಾರಾ ನೋಡ್ಕೋತೀನಿ. ಇದು ನಿಮಗೆ ಗೊತ್ತಿದ್ರೆ ಸಾಕು. ಊರಿಗೆ ಗೊತ್ತಾದ್ರೆ ಇನ್ಮೇಲೆ ಯಾವ ಮಗೂನೂ ನಿಜ ಹೇಳಲ್ಲ."

ಹಳೇಬೀಡಿನಲ್ಲೇ ಹುಟ್ಟಿ ಬೆಳೆದವಳು ನಾನು. ಚಿಕ್ಕಂದಿನಲ್ಲಿ ನನಗೂ ಅಮ್ಮ ಆದಾಗ ನಮ್ಮಮ್ಮ ಬರೀ ಸಪ್ಪೆ ಸಾರು, ಮೊಸರನ್ನ ಕೊಟ್ಟಿದ್ದಳು. ಏಳು ವರ್ಷ ಇದೇ ಊರಿನ ಮಕ್ಕಳ ಮುಂದೆ ನಿಂತಿದ್ದೆ. ನನಗೆ ಹೊಳೆಯದ ಉಪಾಯ ಎಲ್ಲಿಂದಲೋ ಬಂದ ಇವರಿಗೆ ಹೊಳೆದಿತ್ತು. ನನ್ನನ್ನು ನಂಬಿ ಹೇಳಿದರಲ್ಲ ಅಂತ ಸಂತೋಷಪಡುವ ಬದಲು ಆ ರಾತ್ರಿ ಊಟ ಸೇರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಒಂದು ಸೋಮವಾರ ನನ್ನ ತಲೆಗೆ ಅದು ಹೊಕ್ಕಿತು. ನಾಳೆ ಅವರು ಕೇಳುವುದನ್ನು ಇವತ್ತು ನಾನೇ ಯಾಕೆ ಕೇಳಬಾರದು? ಕಾಯಿಲೆ ಇರುವ ಮನೆ ಮೊದಲು ನನಗೆ ಸಿಗಲಿ, ಹೆಡ್‌ಮಾಸ್ಟರಿಗೆ ನಾನೇ ಹೇಳುತ್ತೇನೆ, ನರ್ಸಮ್ಮ ನನ್ನ ಬಾಯಿಂದ ಕೇಳಿ ತಿಳಿದುಕೊಳ್ಳಲಿ. ಹಾಜರಿ ಮುಗಿಸಿ ಇಡೀ ಕ್ಲಾಸಿಗೆ ಕೇಳಿದೆ.

"ಯಾರ ಮನೇಲಿ ಇವತ್ತು ಒಗ್ಗರಣೆ ಹಾಕಿಲ್ಲ? ಕೈ ಎತ್ತಿ."

ಒಂದೇ ಕೈ ಮೇಲೆ ಬಂತು. ಕನಕಾಂಬರದ ಹುಡುಗಿಯದು. ಅವತ್ತು ಮೇಜಿನ ಮೇಲೆ ಹೂವೂ ಇಟ್ಟಿದ್ದಳು.

"ಯಾರಿಗೆ ಅಮ್ಮ ಆಗಿದೆ?"

"ತಮ್ಮಂಗೆ ಮಿಸ್."

"ಮತ್ತೆ ಇಲ್ಲಿ ಬಂದು ಎಲ್ಲರಿಗೂ ಹಚ್ಚಬೇಕಾ? ಬ್ಯಾಗ್ ತಗೊಂಡು ಮನೆಗೆ ಹೋಗು."

ಪಕ್ಕದಲ್ಲಿದ್ದವಳು ಬೆಂಚಿನ ತುದಿಗೆ ಸರಿದಳು. ಅವಳು ಬ್ಯಾಗ್ ಎತ್ತಿಕೊಂಡು, ಯಾರನ್ನೂ ನೋಡದೆ ಹೋದಳು. ಬೇರೆ ಮಗು ಆಗಿದ್ದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುತ್ತಿದ್ದೆನೋ ಏನೋ. ಮಂಗಳವಾರದ ಹೂವಿನ ಸಿಟ್ಟು ನನ್ನ ನಾಲಿಗೆಯ ಮೇಲಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಮಧ್ಯಾಹ್ನ ಅವಳ ತಾಯಿ ಬಂದರು. ಗೇಟು ದಾಟಲಿಲ್ಲ, ಅಲ್ಲಿಂದಲೇ ಮಾತಾಡಿದರು.

"ನಮ್ಮನೆಗೆ ಬಂದಿರೋ ತಾಯಿನ ಬೀದಿಗೆ ತಂದ್ರಲ್ಲ ಮಿಸ್. ಆಯಮ್ಮ ಮುನಿಸ್ಕೊಂಡ್ರೆ ನನ್ ಮಗೀನ ನೀವ್ ಉಳಿಸ್ಕೊಡ್ತೀರಾ?"

ನಾನು ಏನೋ ವಿಜ್ಞಾನ ಹೇಳಲು ಹೋದೆ. ಆಕೆ ಕೇಳಿಸಿಕೊಳ್ಳದೆ ನಡೆದರು. ಸಂಜೆಯ ಹೊತ್ತಿಗೆ ಊರಿನ ಎಲ್ಲಾ ಮನೆಗೂ ಮಿಸ್ಸು ಒಗ್ಗರಣೆ ಯಾಕೆ ಕೇಳುತ್ತಾರೆ ಅನ್ನುವುದು ತಲುಪಿತ್ತು.

ಮರುದಿನ ನರ್ಸಮ್ಮ ಎಂದಿನಂತೆ ಸಾಲಿನ ಮುಂದೆ ನಿಂತು ಕೇಳುತ್ತಾ ಬಂದರು. ಮೊದಲನೆಯವನು, "ಹಾಕಿದ್ರು ನರ್ಸಮ್ಮ." ಎರಡನೆಯವನು, "ಹಾಕಿದ್ರು." ಮೂರನೆಯವಳು, ನಾಲ್ಕನೆಯವಳು... ಎಲ್ಲರ ಮನೆಯಲ್ಲೂ ಒಗ್ಗರಣೆ. ಒಬ್ಬ ಪುಟ್ಟವನು, ಮನೆಯಲ್ಲಿ ಹೇಳಿಕೊಟ್ಟಿದ್ದನ್ನು ಇನ್ನಷ್ಟು ಗಟ್ಟಿ ಮಾಡಲು, "ನಮ್ಮನೇಲಿ ಹಾಲಿಗೂ ಹಾಕಿದ್ರು" ಅಂದ. ಯಾರೂ ನಗಲಿಲ್ಲ. ನರ್ಸಮ್ಮ ಅವನ ತಲೆ ಸವರಿ, ಸಾಲನ್ನು ಅಲ್ಲಿಗೇ ಬಿಟ್ಟು ನನ್ನ ಹತ್ತಿರ ಬಂದರು.

"ಹೇಳ್ಬಿಟ್ರಾ ಮಿಸ್?"

"ಮಕ್ಕಳ ಒಳ್ಳೇದಕ್ಕೇ ಕೇಳಿದೆ" ಅಂದೆ. ಅವರು ಸಾಲಿಗೆ ಮರಳಿ ಉಳಿದ ಮಕ್ಕಳ ಬೆನ್ನು ನೋಡತೊಡಗಿದರು.

ಮೂರು ನಾಲ್ಕು ವಾರದಲ್ಲಿ ಬೆಂಚುಗಳು ಅರ್ಧ ಖಾಲಿಯಾದವು. ಗುಳ್ಳೆ ಎದ್ದ ಮಕ್ಕಳನ್ನು ಮನೆಯವರು ಮುಚ್ಚಿಟ್ಟರು. ಪರೀಕ್ಷೆ ಹತ್ತಿರ ಬಂತೆಂದು ಇನ್ನೂ ಹಸಿ ಇರುವಾಗಲೇ ತುಂಬುತೋಳಿನ ಅಂಗಿ ಹಾಕಿ ಶಾಲೆಗೆ ಕಳಿಸಿದರು. ಕನಕಾಂಬರದ ಹುಡುಗಿಗೂ ಆಯಿತು. ನರ್ಸಮ್ಮ ಬಿಸಿಲಲ್ಲಿ ಮನೆ ಮನೆ ತಿರುಗುವುದು ಕಾಣುತ್ತಿತ್ತು. ಮೊದಲು ಚಾಪೆ ಹಾಸಿ ಕೂರಿಸುತ್ತಿದ್ದ ಮನೆಗಳಲ್ಲಿ ಈಗ ಹೊಸಿಲಲ್ಲೇ ನಿಲ್ಲಿಸಿ, "ನಮ್ಮನೇಲಿ ಏನೂ ಇಲ್ಲ ಕಣವ್ವ" ಅಂತ ಕಳಿಸುತ್ತಿದ್ದರು. ಕಡೆಗೆ, ನರ್ಸಮ್ಮ ಆಗುತ್ತೇನೆ ಅಂತ ಬರೆದಿದ್ದನಲ್ಲ, ಆ ಹುಡುಗನಿಗೆ ಗುಳ್ಳೆಯ ಜೊತೆ ಎದೆ ಕಟ್ಟಿ ಉಸಿರಾಡಲು ಆಗದೆ ಹಾಸನದ ಆಸ್ಪತ್ರೆಗೆ ಸೇರಿಸಿದರು. ಉಳಿದುಕೊಂಡ, ದೇವರು ದೊಡ್ಡವನು. ಆದರೆ ಅದರಿಂದ ಮೇಲಿನವರ ತನಕ ಸುದ್ದಿ ಹೋಗಿ ಡಾಕ್ಟರು ಶಾಲೆಗೆ ವಿಚಾರಣೆಗೆ ಬಂದರು.

ಹೆಡ್‌ಮಾಸ್ಟರ ಕೋಣೆ. ನರ್ಸಮ್ಮ ಬಾಗಿಲ ಪಕ್ಕ ನಿಂತಿದ್ದರು. ಅವರನ್ನು ಕೂರಲು ಯಾರೂ ಹೇಳಿರಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು.

"ಇವರು ವಾರಾ ವಾರಾ ಬಂದು ಮಕ್ಕಳನ್ನ ನೋಡ್ತಿದ್ರೇನಮ್ಮಾ? ಇಷ್ಟು ಹರಡೋ ತನಕ ಗೊತ್ತಾಗಲಿಲ್ಲ ಅಂದ್ರೆ ಹೇಗೆ?"

ನನ್ನ ಮುಂದೆ ಎರಡು ದಾರಿ ಇತ್ತು. ನಾನು ಹೇಳಿದೆ, "ಬರ್ತಿದ್ರು ಸಾರ್. ಮಕ್ಕಳ ಜೊತೆ ಅಡುಗೆ ವಿಚಾರ ಮಾತಾಡ್ತಿದ್ರು."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಡಾಕ್ಟರು ಹುಬ್ಬೇರಿಸಿ ಬರೆದುಕೊಂಡರು. ಈಗ ನರ್ಸಮ್ಮ ಬಾಯಿ ಬಿಡುತ್ತಾರೆ, ಈ ಮಿಸ್ಸಿನಿಂದಲೇ ಎಲ್ಲಾ ಕೆಟ್ಟಿದ್ದು ಅನ್ನುತ್ತಾರೆ ಅಂತ ನಾನು ಸೀರೆ ಸೆರಗು ಹಿಡಿದುಕೊಂಡು ಕಾದೆ. ಅವರು ಏನೂ ಹೇಳಲಿಲ್ಲ. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಅವರನ್ನು ಅರಸೀಕೆರೆ ಆಚೆಗೆ, ದೇವಸ್ಥಾನವಿರುವ ಮಾಲೇಕಲ್ಲಿನ ಕಡೆಗೆ ಹಾಕಿದ್ದರು.

ನನಗೆ ಬೇಕಾಗಿದ್ದೇ ಆಗಿತ್ತು. ಮಂಗಳವಾರಗಳೂ ನನ್ನವಾದವು. ಕನಕಾಂಬರದ ಹುಡುಗಿ ಹಣೆಯ ಮೇಲೆ ಎರಡು ಕಲೆ ಇಟ್ಟುಕೊಂಡು ಆರನೇ ತರಗತಿಗೆ ಹೋದಳು. ಎದುರಾದರೆ ನಮಸ್ತೆ ಮಿಸ್ ಅನ್ನುವಳು, ಹೂವು ಮಾತ್ರ ಆಮೇಲೆ ತರಲಿಲ್ಲ...

ಕಳೆದ ವಾರ ಚುಚ್ಚುಮದ್ದು ಮುಗಿದ ಮೇಲೆ ನರ್ಸ್ ಹುಡುಗಿಯನ್ನು ಕೇಳಿದೆ. ಮೊದಲು ಅರಸೀಕೆರೆ ಕಡೆ ಇದ್ದೆ ಅಂತ ಅವಳು ಬಂದ ದಿನವೇ ಹೇಳಿದ್ದಳು. ಅಲ್ಲಿ ಹೀಗೊಬ್ಬರು ಇದ್ದರು, ಗೊತ್ತಾ ಅಂದೆ.

"ಅವರ ಕೈಕೆಳಗೇ ಕೆಲಸ ಕಲ್ತಿದ್ದು ಮೇಡಂ. ತೀರ್ಕೊಂಡ್ರಲ್ಲ, ಹೋದ ವರ್ಷ. ಕಿಡ್ನಿ ಹೋಗಿತ್ತು."

ಅವಳಿಗೆ ಅವರ ಬಗ್ಗೆ ಹೇಳಲು ಎಷ್ಟೊಂದಿತ್ತು. ಮೂರು ವರ್ಷ ಜೊತೆಗಿದ್ದಳಂತೆ, ಅವರ ಡಬ್ಬಿಯಲ್ಲೇ ಊಟ ಮಾಡುತ್ತಿದ್ದಳಂತೆ. ಸತ್ತವರ ಸುದ್ದಿ ಕೇಳುತ್ತಾ ನನಗೆ ಆ ಮೂರು ವರ್ಷದ ಮೇಲೆ ಹೊಟ್ಟೆಕಿಚ್ಚು ಬಂತು. ನಾನು ಇಂಥವಳೇ, ಏನು ಮಾಡಲಿ.

"ಶಾಲೆಗೆ ಹೋದ್ರೆ ಮೊದ್ಲು ಕ್ಲಾಸ್ ಟೀಚರ್ ಹತ್ರ ಕೂತು ಮಾತಾಡು ಅಂತಿದ್ರು" ಅಂದಳು ಹುಡುಗಿ. "ಯಾವುದೋ ಊರಲ್ಲಿ ಅವರಿಂದ ಒಂದು ತಪ್ಪಾಗಿತ್ತಂತೆ. ಮಕ್ಕಳೆಲ್ಲಾ ನನ್ನ ಹತ್ರ ಓಡಿ ಬರುವಾಗ ನಾನು ಒಂದ್ಸಲ ಅವರ ಟೀಚರ್ ಮುಖ ನೋಡ್ಬೇಕಿತ್ತು, ನೋಡ್ಲಿಲ್ಲ ಅಂತಿದ್ರು. ಅದಕ್ಕೇ ಆ ಊರಿನ ಮಕ್ಕಳು ನರಳಿದ್ವು ಅಂತ."

ಅವರು ತಪ್ಪು ಅಂದಿದ್ದು ಅದನ್ನು.

"ಆ ಟೀಚರ್ ನಾನೇ ಕಣಮ್ಮಾ. ತಪ್ಪು ಅವರದಲ್ಲ, ನಂದು."

ಹುಡುಗಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಅವರಿಗೆ ಹೇಳಿದ್ರೆ ಚೆನ್ನಾಗಿತ್ತು ಮೇಡಂ" ಅಂತಷ್ಟೇ ಅಂದು, ಪೆಟ್ಟಿಗೆ ಮುಚ್ಚಿ, ಅಂಗನವಾಡಿಗೆ ಹೊತ್ತಾಯಿತೆಂದು ಹೊರಟಳು.

ಇಲ್ಲಿಂದ ಅರಸೀಕೆರೆಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯೂ ಇಲ್ಲ. ಈ ಹನ್ನೊಂದು ವರ್ಷದಲ್ಲಿ ನಾನು ಎರಡು ಸಲ ಮಾಲೇಕಲ್ಲಿಗೆ ಹೋಗಿದ್ದೇನೆ. ಒಮ್ಮೆ ತಮ್ಮನ ಮಗನ ಮುಡಿ ಕೊಡಲು, ಒಮ್ಮೆ ಸುಮ್ಮನೆ. ಎರಡು ಸಲವೂ ಬಸ್ಸು ಅವರ ಆಸ್ಪತ್ರೆಯ ಮುಂದೆ ನಿಂತಿತ್ತು. ಎರಡು ಸಲವೂ ನಾನು ಇಳಿಯದೆ ಕಿಟಕಿಯಿಂದ ನೋಡಿದ್ದು ಒಂದನ್ನೇ, ಅಲ್ಲಿಯ ಮಕ್ಕಳೂ ಅವರ ಸುತ್ತ ನಿಂತಿದ್ದಾರಾ ಅಂತ.