ಮಗುಚಿ ಹಾಕುವ ರೋಸೇರ್

ನನ್ನ ತಮ್ಮ ರೋಸೇರ್ ಎಂಥವನು ಎಂದು ಹೇಳಬೇಕಾದರೆ ಮೊದಲು ಅವನ ಚಡ್ಡಿಯ ವಿಷಯ ಹೇಳಬೇಕು. ಹೇಳಲು ಹೇಸಿಗೆ, ಆದರೆ ವಿಧಿಯಿಲ್ಲ. ಜಿಂಕೆ ಬೇಟೆಗೆಂದು ಗಂಡಸರು ಕಾಡಿನ ಗುಡಿಸಲಿಗೆ ಹೋಗುತ್ತಾರಲ್ಲ, ಆಗ ಇವನು ಬದಲಿಗೆ ಇನ್ನೊಂದು ಚಡ್ಡಿ ಒಯ್ಯದೆ ತೊಟ್ಟದ್ದರಲ್ಲೇ ಹೋಗುತ್ತಿದ್ದ. ಅರ್ಧ ಬೇಟೆ ಮುಗಿದ ಮೇಲೆ ಅದನ್ನೇ ಒಳಗಿನದು ಹೊರಗೆ ಮಾಡಿ ತೊಡುತ್ತಿದ್ದ. ನನ್ನ ಗಂಡ ಕಣ್ಣಾರೆ ನೋಡಿ ಬಂದು ಊಟದ ಮೇಜಿನಲ್ಲಿ ಹೇಳಿದ. ಆ ದಿನ ನನಗೆ ಊಟ ಸೇರಲಿಲ್ಲ. ರೋಸೇರನಿಗೇನೂ ನಾಚಿಕೆಯಿಲ್ಲ.

"ಕೊಳೆ ಆಗಿದ್ದು ಒಂದೇ ಕಡೆ ತಾನೇ, ಅಕ್ಕ," ಅಂದ.

ಈ ಚಟ ಅವನಿಗೆ ಅಂಟಿದ್ದು ಆಲೂಗಡ್ಡೆ ಗೋದಾಮಿನಲ್ಲಿ. ಅಮೆರಿಕದ ಮೇಯ್ನ್ ರಾಜ್ಯದ ಈ ಉತ್ತರದ ತುದಿಯಲ್ಲಿ, ನದಿ ದಾಟಿದರೆ ಕೆನಡಾ ಎನ್ನುವ ನಮ್ಮ ಕಣಿವೆಯಲ್ಲಿ, ಆಲೂಗಡ್ಡೆ ಬಿಟ್ಟರೆ ಮರ, ಮರ ಬಿಟ್ಟರೆ ಆಲೂಗಡ್ಡೆ. ರೋಸೇರ್ ಗೋದಾಮಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಗಡ್ಡೆ ಸಾಗಿಸುವ ಪಟ್ಟಿಗಳು ಒಂದು ಮಗ್ಗುಲಲ್ಲಿ ಸವೆಯುತ್ತವೆ. ಅವನ್ನು ಎಸೆಯುವುದಿಲ್ಲ, ಬಿಚ್ಚಿ, ಮಗುಚಿ, ಸವೆಯದ ಕಡೆಯನ್ನು ಮುಂದಕ್ಕೆ ಹಾಕಿದರೆ ಇನ್ನೊಂದು ಕೊಯ್ಲಿಗೆ ಬಾಳಿಕೆ ಬರುತ್ತದೆ. ಕಣಿವೆಯ ಎಲ್ಲ ಗೋದಾಮುಗಳಲ್ಲೂ ಅದೇ ಪದ್ಧತಿ, ಒಳ್ಳೆಯ ಪದ್ಧತಿಯೇ. ಆದರೆ ಉಳಿದವರು ಆ ಬುದ್ಧಿಯನ್ನು ಗೋದಾಮಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು. ಇವನು ಜೇಬಿನಲ್ಲಿ ಹಾಕಿಕೊಂಡು ಬಂದ. ಅಂಗಿಯ ಕಾಲರ್ ಸವೆದರೆ ಹೆಂಡತಿ ಅದನ್ನು ಬಿಚ್ಚಿ ತಿರುಗಿಸಿ ಹೊಲಿಯಬೇಕು. ಹಾಸಿಗೆ ಮಗುಚಬೇಕು, ಕಾಲೊರಸು ಮಗುಚಬೇಕು, ಪಾತ್ರೆ ಉಜ್ಜುವ ಸ್ಪಂಜನ್ನೂ ಮಗುಚಬೇಕು. ಥೂ.

ಅವನು ಜನ್ಮದಲ್ಲಿ ಮಗುಚದೆ ಬಿಟ್ಟದ್ದು ಒಂದೇ ಒಂದು, ಪ್ಲೋಯ್ ಎಂಬ ನಮ್ಮ ಕಾವಲಿ ರೊಟ್ಟಿ. ನಮ್ಮಲ್ಲಿ ಯಾರೂ ಅದನ್ನು ಮಗುಚುವುದಿಲ್ಲ. ಬಕ್‌ವೀಟ್ ಎಂಬ ಕಾಳಿನ ಹಿಟ್ಟನ್ನು ಕಾದ ಕಾವಲಿಗೆ ಹುಯ್ದು, ಮೇಲೆಲ್ಲ ಕಣ್ಣು ಬಿಟ್ಟು ಒಣಗಿದ ಕೂಡಲೇ ಎತ್ತುವುದು. ಆ ಕಣ್ಣುಗಳೊಳಗೆ ಬೆಣ್ಣೆ ಇಳಿಯಬೇಕು. ದಕ್ಷಿಣದಿಂದ ಮದುವೆಯಾಗಿ ಬಂದ ಸೊಸೆಯೊಬ್ಬಳು ಅರಿಯದೆ ಮಗುಚಿದಾಗ ನಮ್ಮಮ್ಮ ಅವಳ ಕೈಯಿಂದ ಸಟ್ಟುಗವನ್ನೇ ಕಿತ್ತುಕೊಂಡಿದ್ದಳು.

ರೋಸೇರನ ಹೆಂಡತಿ ಫ್ಲೋರೀನ್. ಮದುವೆಗೆ ಮುಂಚಿನಿಂದಲೂ ಸೀಡರ್ ಹಲಗೆ ಸೀಳುವ ಕಾರ್ಖಾನೆಯಲ್ಲಿ ದುಡಿದವಳು. ಕಾರ್ಖಾನೆ ಮುಚ್ಚಿತು, ಆದರೆ ಅದರ ಹೊಟ್ಟು ಅವಳ ಎದೆಯಲ್ಲೇ ಉಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ನಕ್ಕರೆ ಕೆಮ್ಮು. ನಗುವುದಂತೂ ಅವಳು ಬಿಟ್ಟವಳಲ್ಲ. ಹೊಗೆಯಿರುವ ಕಡೆ ಒಂದು ಗಳಿಗೆಯೂ ಇರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಮನೆಗೆ ಬಂದರೆ ನೆಲಮಾಳಿಗೆಯಲ್ಲಿ ಇವನ ಕುಲುಮೆ.

ಅದು ಮನೆ ಬೆಚ್ಚಗಿಡುವ ಪೆಲೆಟ್ ಕುಲುಮೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ತೊಟ್ಟಿಗೆ ಸುರಿದರೆ, ಒಂದು ತಿರುಪು ತಿರುಗುತ್ತ ಅವನ್ನು ಸ್ವಲ್ಪಸ್ವಲ್ಪವೇ ಬೆಂಕಿಬಟ್ಟಲಿಗೆ ತಳ್ಳುತ್ತದೆ. ಫ್ಯಾನು ಬಿಸಿಗಾಳಿಯನ್ನು ಕೊಳವೆಗಳ ಮೂಲಕ ಮನೆಗೆಲ್ಲ ಊದುತ್ತದೆ. ಬಾಗಿಲಿನ ಸುತ್ತ ದಪ್ಪ ಹಗ್ಗದಂಥ ಗ್ಯಾಸ್ಕೆಟ್ ಇರುತ್ತದೆ. ಅದು ಬಿಗಿಯಾಗಿದ್ದರೆ ಹೊಗೆ ಚಿಮಣಿಗೆ ಹೋಗುತ್ತದೆ, ಸಡಿಲವಾದರೆ ಮನೆಗೆ ಬರುತ್ತದೆ. ಇಷ್ಟು ತಿಳಿಯಲು ಯಾವ ಓದೂ ಬೇಡ. ನನ್ನ ಮನೆಯಲ್ಲೂ ಒಂದಿದೆ, ಪ್ರತಿ ಬೇಸಿಗೆಯಲ್ಲಿ ಸವೆದದ್ದನ್ನು ಬದಲಾಯಿಸುತ್ತೇವೆ, ಚಳಿಗಾಲದಲ್ಲಿ ಸುಖವಾಗಿರುತ್ತೇವೆ.

ಆಲೂಗಡ್ಡೆ ಕೊಯ್ಲು ಮುಗಿದ ಒಂದು ಭಾನುವಾರ ಚರ್ಚಿನಿಂದ ನೇರ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಕೂಡಲೇ ಸುಟ್ಟ ನಾತ. ಬಿಳಿ ಪರದೆಗಳ ಅಂಚು ಮಸಿ. ಬ್ರೆಡ್ಡಿನ ಹಿಟ್ಟು ಮುಚ್ಚಿದ ಬಟ್ಟೆಯ ಮೇಲೆ ಕಪ್ಪು ಪುಡಿ. ಫ್ಲೋರೀನ್ ಒದ್ದೆ ಬಟ್ಟೆ ಹಿಡಿದು ಬಿಸಿಗಾಳಿ ಬರುವ ಜಾಲರಿ ಒರೆಸುತ್ತಿದ್ದಳು. ಒರೆಸುವುದು, ಕೆಮ್ಮುವುದು, ಮತ್ತೆ ಒರೆಸುವುದು.

"ಅತ್ತಿಗೆ," ಅಂದಳು, "ಹಿಮ ಬೀಳೋದ್ರೊಳಗೆ ಅದು ಸರಿ ಆಗ್ಲಿಲ್ಲ ಅಂದ್ರೆ ನಾನು ಲೂಯಿಸ್ಟನ್‌ಗೆ ನನ್ನ ತಂಗಿ ಮನೆಗೆ ಹೋಗ್ತೀನಿ. ನೆಂಟಸ್ತನಕ್ಕಲ್ಲ. ಅಲ್ಲೇ ಇರೋಕೆ."

"ಅವನಿಗೆ ಹೇಳಿದೆಯಾ?"

"ಹೇಳ್ದೆ. ಸರಿ ಮಾಡಿದೀನಿ ಅಂತಾನೆ. ಕೆಳಗಿದಾನೆ, ಹೋಗಿ ನೋಡಿ."

ಕೆಳಗಿಳಿದೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಯ ತುಂಬ ಊರವರು ಎಸೆದ ಕುಲುಮೆಗಳ ಹಳೇ ಅಂಗಾಂಗಗಳು: ತುಕ್ಕು ಹಿಡಿದ ತಿರುಪುಗಳು, ತೂತುಬಿದ್ದ ಬಟ್ಟಲುಗಳು, ರೆಕ್ಕೆ ಮುರಿದ ಫ್ಯಾನುಗಳು. ಬೂದಿಪೆಟ್ಟಿಗೆ ತುಂಬಿ ಚೆಲ್ಲಿತ್ತು. ಬೂದಿಯ ಮೇಲೆ ಅವನ ಕಾಫಿ ಲೋಟ.

"ನೋಡಕ್ಕ," ಅಂದ, ತೊಟ್ಟಿಲಲ್ಲಿರುವ ಮಗು ತೋರಿಸುವವನ ಹಾಗೆ. "ತಿರುಪು ಬೆಂಕಿ ಕಡೆ ತಿಂದುಹೋಗಿತ್ತು. ಹಿಂದುಮುಂದು ಮಾಡಿ ಬೆಸುಗೆ ಹಾಕ್ದೆ. ಬಟ್ಟಲು ಎಡಗಡೆ ಸವೆದಿತ್ತು, ತಿರುಗಿಸಿಟ್ಟೆ."

"ಗ್ಯಾಸ್ಕೆಟ್?"

"ಅದನ್ನೂ. ಚಪ್ಪಟೆ ಆಗಿದ್ದು ಹೊರಮೈ ತಾನೇ? ಚಾಕುವಲ್ಲಿ ಕಿತ್ತು, ಮಗುಚಿ, ಅಂಟು ಹಾಕಿ ಕೂರಿಸ್ದೆ. ಇನ್ನೆರಡು ಚಳಿಗಾಲ ಬರುತ್ತೆ."

ಚರ್ಚಿನಲ್ಲಿ ಕೊಟ್ಟ ಹಾಡಿನ ಹಾಳೆಯಿಂದ ಒಂದು ಚೂರು ಹರಿದೆ, ಕುಲುಮೆಯ ಬಾಗಿಲಿಗೆ ಸಿಕ್ಕಿಸಿ ಮುಚ್ಚಿದೆ, ಎಳೆದೆ. ಗ್ಯಾಸ್ಕೆಟ್ ಸರಿಯಿದ್ದರೆ ಕಾಗದ ಕಚ್ಚಿಕೊಳ್ಳಬೇಕು. ಇದು ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಇನ್ನೊಂದು ಕಡೆ ಸಿಕ್ಕಿಸಿದೆ, ಅಲ್ಲೂ ಬಂತು.

"ಕಾಗದ ತೆಳ್ಳಗಿದೆ," ಅಂದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಯ್ಯಲು ಬಾಯಿ ತೆಗೆದವಳ ಕಣ್ಣಿಗೆ ಕೆಲಸದ ಮೇಜಿನ ಮೂಲೆ ಬಿತ್ತು. ಅಲ್ಲಿ ಹಳೇ ಕಂಬಳಿಯ ಗಂಟು. ಬಿಚ್ಚಿದರೆ ಒಳಗೆ ಕುಲುಮೆಯ ವಿಷಗಾಳಿ ಸೋರಿದರೆ ಕೂಗುವ ಅಲಾರಂ, ಬೋರಲಾಗಿ ಮಲಗಿಸಿದ್ದು. ಅದರ ಬ್ಯಾಟರಿಗಳು ಪಕ್ಕದಲ್ಲಿ.

"ಇದೇನೋ ಇದು?"

"ಸುಮ್ಸುಮ್ನೆ ಕಿರುಚ್ತಿತ್ತು. ಫ್ಲೋರೀನ್‌ಗೆ ನಿದ್ದೆ ಬರ್ತಿರ್ಲಿಲ್ಲ."

ಚಡ್ಡಿ ಮಗುಚಿದಾಗ ನನಗೆ ಅಸಹ್ಯವಾಗಿತ್ತು, ನಿಜ. ಆದರೆ ಅದು ಅವನ ಮೈ, ಅವನ ಹೊಲಸು. ಇದು ಬೇರೆ. ಅವಳು ಮೇಲೆ ಕೆಮ್ಮುವುದು ಕೊಳವೆಯೊಳಗಿಂದ ಕೆಳಗೆ ಕೇಳುತ್ತಿತ್ತು; ಇವನು ಅದನ್ನು ಕೇಳುತ್ತಲೇ ಕಾಫಿ ಕುಡಿಯುತ್ತಿದ್ದ. ನನ್ನ ಬೆನ್ನಿಗೆ ಬಿದ್ದ ತಮ್ಮ, ನಾನೇ ಮೂಗು ಒರೆಸಿ ಬೆಳೆಸಿದವನು, ಅವನ ಮುಖ ನೋಡಲು ನನಗೆ ವಾಕರಿಕೆ ಬಂತು. ಹಾಗೆಂದೇ ಹೇಳಿದೆ. ಬ್ಯಾಟರಿ ಹಾಕಿ, ಅಲಾರಂ ತಂದು ಅಡುಗೆಮನೆಯ ಗೋಡೆಗೆ ನೇತುಹಾಕಿದೆ. ಅದು ಬಾಯಿಬಿಟ್ಟು ಕಿರುಚಿತು. ಫ್ಲೋರೀನ್ ಕಿಟಕಿಗಳನ್ನೆಲ್ಲ ತೆರೆದಿಟ್ಟು ಕೋಟು ಹಾಕಿಕೊಂಡಳು. ಆಮೇಲೆ ಹಿಮ ಬೀಳುವವರೆಗೂ ಆ ಮನೆಯಲ್ಲಿ ಕುಲುಮೆಯೂ ಉರಿಯಿತು, ಕಿಟಕಿಯೂ ತೆರೆದಿತ್ತು. ಉಳಿತಾಯ ಅಂದರೆ ಇದು.

ಮೊದಲ ಹಿಮ ಬಿದ್ದ ದಿನ ಫ್ಲೋರೀನ್ ನನ್ನನ್ನು ಊಟಕ್ಕೆ ಕರೆದಳು. ಕೋಳಿ ಸಾರು, ರೊಟ್ಟಿಗೆ ಸವರುವ ಹಂದಿಮಾಂಸದ ಕ್ರೆಟಾನ್, ಪ್ಲೋಯ್. ಬಾಗಿಲ ಬಳಿ ಅವಳ ಸೂಟ್‌ಕೇಸ್ ನಿಂತಿತ್ತು. ರೋಸೇರ್ ಅದನ್ನು ದಾಟಿಕೊಂಡೇ ಬಂದು ಕೂತ, ಕಂಡೂ ಕಾಣದವನ ಹಾಗೆ.

ಅವಳು ಕಾವಲಿಗೆ ಹಿಟ್ಟು ಹುಯ್ದಳು. ಕಣ್ಣು ಬಿಟ್ಟಿತು. ಎತ್ತುತ್ತಾಳೆಂದು ನಾನು ತಟ್ಟೆ ಮುಂದೆ ಹಿಡಿದೆ. ಅವಳು ಸಟ್ಟುಗ ತೂರಿಸಿ ಅದನ್ನು ಮಗುಚಿ ಹಾಕಿದಳು. ಅಂಗೈಯಲ್ಲಿ ಒತ್ತುವ ಹಾಗೆ ಸಟ್ಟುಗದಿಂದ ಒತ್ತಿದಳು ಕೂಡ. ನಮ್ಮಮ್ಮ ಗೋರಿಯಲ್ಲಿ ಮಗ್ಗುಲು ಬದಲಿಸಿರಬೇಕು. ಎರಡೂ ಕಡೆ ಕಂದಾದ ಆ ಬಿಲ್ಲೆಯನ್ನು ರೋಸೇರನ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆಯಿಟ್ಟಳು.

"ಏನಿದು?" ಅಂದ.

"ಪ್ಲೋಯ್."

"ಮಗುಚಿದೀಯ."

"ಒಂದು ಕಡೆ ಬೆಂದಿತ್ತು, ಇನ್ನೊಂದು ಕಡೆ ಹಾಗೇ ಇತ್ತಲ್ಲ. ಯಾಕೆ ದಂಡ ಮಾಡ್ಲಿ?"

ಅವನು ಬೆಣ್ಣೆಯನ್ನು ಚಾಕುವಿನಿಂದ ಸವರಿದ. ಅದು ಇಳಿಯಲಿಲ್ಲ, ಜಾರಿ ತಟ್ಟೆಗೆ ಹೋಯಿತು. ಮತ್ತೆ ಸವರಿದ, ಮತ್ತೆ ಜಾರಿತು.

"ಬೆಣ್ಣೆ ಹಿಡಿತಿಲ್ಲ," ಅಂದ.

"ಕಣ್ಣು ಮುಚ್ಚಿಹೋಗಿದೆ, ಹೇಗೆ ಹಿಡಿಯುತ್ತೆ?" ಅವಳು ಸಟ್ಟುಗ ಕೆಳಗಿಟ್ಟು ಉಸಿರು ಕೂಡಿಸಿಕೊಂಡಳು. "ನಿನ್ನ ಗ್ಯಾಸ್ಕೆಟ್ಟೂ ಹಾಗೇ, ರೋಸೇರ್. ಇನ್ನೊಂದು ಕಡೆ ಇದೆ, ಹಿಡಿಯೋದಿಲ್ಲ."

ಕೋಟು ತೊಟ್ಟು ಸೂಟ್‌ಕೇಸ್ ಎತ್ತಿದಳು. ಹಿಮ ಬಿದ್ದು ಲೂಯಿಸ್ಟನ್ನಿನ ರಸ್ತೆ ಅವತ್ತು ಮುಚ್ಚಿತ್ತು. ನಾನು ರಸ್ತೆಯಾಚೆಯ ನನ್ನ ಮನೆಗೆ ಕರೆದುಕೊಂಡು ಬಂದೆ. ರೋಸೇರ್ ತಟ್ಟೆಯ ಮುಂದೆಯೇ ಕೂತಿದ್ದ.

ಮರುದಿನ ಅವನು ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯ ಲಿಯೋನೆಲ್ ಆಮೇಲೆ ಊರಿಗೆಲ್ಲ ಹೇಳಿದ: ಹೊಸ ಗ್ಯಾಸ್ಕೆಟ್, ಹೊಸ ತಿರುಪು, ಬೆಂಕಿ ಹೊತ್ತಿಸುವ ಕರೆಂಟಿನ ಕಡ್ಡಿ, ಮೊದಲಿಗಿಂತ ದಪ್ಪ ಉಕ್ಕಿನ ಬಟ್ಟಲು, ಸದ್ದಿಲ್ಲದ ಹೊಸ ಫ್ಯಾನು, ಎಲ್ಲ ಒಂದೇ ಸಲ. ಲಿಯೋನೆಲ್ ಬಾಯಿ ಕಟ್ಟಿಕೊಂಡಿರುವವನಲ್ಲ.

"ನೀನು ಹೊಸದು ಕೊಳ್ತಿದೀಯ ಅಂದ್ರೆ ಯಾರೋ ಸತ್ತಿರಬೇಕು," ಅಂದನಂತೆ.

"ಇನ್ನೂ ಇಲ್ಲ," ಅಂದನಂತೆ ರೋಸೇರ್.

ಟಾರ್ಚ್ ಹಿಡಿಯಲು ನಾನೇ ಹೋದೆ; ಅವನನ್ನು ಒಬ್ಬನೇ ಬಿಟ್ಟರೆ ಏನು ಮಗುಚುತ್ತಾನೋ ಎಂಬ ಭಯ. ಕುಲುಮೆಯೊಳಗೆ ಕಿಟ್ಟ ಕಲ್ಲಿನ ಹಾಗೆ ಕೂತಿತ್ತು, ಉಳಿ ಹಿಡಿದು ಕಿತ್ತ. ಚಿಮಣಿಯ ಕೊಳವೆಯಿಂದ ಬಕೆಟ್ಟುಗಟ್ಟಲೆ ಮಸಿ ಬಂತು. ಇಷ್ಟು ಹೊಲಸಿನ ಮೇಲೆ ಅವಳನ್ನು ಮಲಗಿಸಿದ್ದೆಯಲ್ಲೋ ಎಂದು ನಾನು ಬಯ್ಯುತ್ತಲೇ ಇದ್ದೆ, ಅವನು ಕೆರೆಯುತ್ತಲೇ ಇದ್ದ. ಬಾಗಿಲಂಚಿನ ತೋಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಹೊಸ ಗ್ಯಾಸ್ಕೆಟ್ ಕೂರಿಸತೊಡಗಿದ. ಅಲ್ಲೂ ಬುದ್ಧಿ ಬಿಡಲಿಲ್ಲ, ನೋಡಿ. ಹಗ್ಗವನ್ನು ಎಳೆದೆಳೆದು ಕೂರಿಸುತ್ತಿದ್ದ, ಕೊನೆಯಲ್ಲಿ ಒಂದು ತುಂಡು ಉಳಿಯಲಿ ಅಂತ. ಎಳೆದರೆ ಅದು ಸಣ್ಣಗಾಗಿ ಸೋರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು.

"ಯಾರಿಗೋ ಉಳಿಸ್ತಿದೀಯ ಆ ತುಂಡು?" ಅಂದೆ.

ಅವನು ಕೈ ನಿಲ್ಲಿಸಿದ. ಕೂರಿಸಿದ್ದನ್ನೆಲ್ಲ ಕಿತ್ತು, ಸಡಿಲವಾಗಿ, ಒತ್ತಿ ಒತ್ತಿ ಮತ್ತೆ ಕೂರಿಸಿದ. ಅಂಟು ಒಣಗಿದ ಮೇಲೆ ನಾನು ಕಾಗದ ಸಿಕ್ಕಿಸಿ ಎಳೆದೆ. ಹರಿಯಿತೇ ಹೊರತು ಬರಲಿಲ್ಲ. ಹಲಗೆಗಳ ಮೇಲಿದ್ದ ಹಳೇ ಸಾಮಾನನ್ನೆಲ್ಲ ಅವನು ಪಿಕಪ್ಪಿಗೆ ತುಂಬಿ ಊರ ಕಸದ ಹಳ್ಳಕ್ಕೆ ಸುರಿದು ಬಂದ. ಒಂದು ಬೋಲ್ಟನ್ನೂ ಇಟ್ಟುಕೊಳ್ಳಲಿಲ್ಲ.

ಫ್ಲೋರೀನ್ ವಾಪಸು ಹೋದಳು. ಪರದೆಗಳನ್ನು ಒಗೆದಳು, ಅವು ಬೆಳ್ಳಗೇ ಉಳಿದವು. ಅಲಾರಂ ಗೋಡೆಯ ಮೇಲೆ ಬಾಯಿ ಮುಚ್ಚಿಕೊಂಡು ನೇತಾಡುತ್ತಿತ್ತು. ಪ್ಲೋಯನ್ನು ಮತ್ತೆ ಒಂದೇ ಕಡೆ ಸುಟ್ಟಳು. ಎಲ್ಲ ಸರಿಯಾಯಿತು ಅನ್ನಬಹುದಿತ್ತು. ಕೆಮ್ಮು ಮಾತ್ರ ನಿಲ್ಲಲಿಲ್ಲ. ಮೊದಲು ಹೊಗೆಯ ನೆಪವಿತ್ತು. ಈಗ ಆ ಚೊಕ್ಕ ಮನೆಯಲ್ಲಿ ಕೆಮ್ಮೊಂದೇ ಕೇಳುತ್ತಿತ್ತು. ಡಾಕ್ಟರು ಆಮ್ಲಜನಕದ ಯಂತ್ರ ಬರೆದುಕೊಟ್ಟರು. ಅವಳು ಕೆಮ್ಮಿದಾಗಲೆಲ್ಲ ರೋಸೇರ್ ಕೈಯಲ್ಲಿದ್ದ ಫೋರ್ಕು ಕೆಳಗಿಡುತ್ತಿದ್ದ.

ಒಂದು ಬೆಳಿಗ್ಗೆ ನನ್ನ ಅಂಗಳದ ಹಿಮ ಬಳಿಯಲು ಬಂದ. ಬಳಿದು ಮುಗಿಸಿಯೂ ಹೋಗಲಿಲ್ಲ. ಸಲಿಕೆ ಊರಿಕೊಂಡು ನಿಂತ.

"ಅಕ್ಕ, ಡಾಕ್ಟ್ರನ್ನ ಕೇಳ್ದೆ. ಎದೆಗೆ ಹೊಸದು ಹಾಕ್ತಾರಂತೆ ಕೆಲವರಿಗೆ. ಇವಳಿಗೆ ಆಗಲ್ವಂತೆ."

ಇಂಥವನಿಗೆ ಅನ್ನಲು ನನ್ನ ಬಾಯಲ್ಲಿ ಸದಾ ಏನಾದರೂ ಇರುತ್ತದೆ. ಆ ದಿನವೂ ಇತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅವನ ಮೇಲಿನ ಅಸಹ್ಯ ಇನ್ನೂ ಹೋಗಿರಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಅವನ ಅಂಗಿ ಕಣ್ಣಿಗೆ ಬಿತ್ತು. ಕಾಲರ್ ಸವೆದು ನೂಲು ಬಿಟ್ಟಿತ್ತು, ತಿರುಗಿಸಿ ಹೊಲಿ ಎಂದು ಅವಳಿಗೆ ಕೊಟ್ಟಿರಲಿಲ್ಲ.

"ಮನೆಗೆ ಹೋಗು," ಅಂದೆ. "ಅವಳು ಏಳೋದ್ರೊಳಗೆ ಬೂದಿ ತೆಗಿ."